ತೊಟ್ಟಿಯಲ್ಲಿ ಅದ್ದಿದ ರೆಗ್ಯುಲೇಟರು

ಮೊಮ್ಮಗಳ ಕೋಣೆಯ ಗೋಡೆಯ ಮೇಲಿದ್ದ ಮೀನುಗಳೆಲ್ಲ ಒಂದೇ ದಿನದಲ್ಲಿ ಇಳಿದುಹೋದವು. ಆರು ವರ್ಷದವಳಿದ್ದಾಗಿನಿಂದ ಅವಳೇ ಬರೆದು, ಬಣ್ಣ ತುಂಬಿ, ಟೇಪು ಹಾಕಿ ಅಂಟಿಸಿದ್ದವು. ಮೀನು, ಆಮೆ, ಎಂಟು ಕಾಲಿನ ಆಕ್ಟೋಪಸ್ಸು, ನನಗೆ ಹೆಸರೇ ಗೊತ್ತಿಲ್ಲದ ಇನ್ನೂ ಎಷ್ಟೋ. ಒಂದು ಶನಿವಾರ ಸಂಜೆ ಮಡಿಸಿದ ಬಟ್ಟೆ ಇಡಲು ಹೋದರೆ ಗೋಡೆ ಬೋಳಾಗಿತ್ತು. ಟೇಪು ಕಿತ್ತ ಕಡೆಯೆಲ್ಲ ಸುಣ್ಣದ ಚಕ್ಕೆ ಎದ್ದಿತ್ತು. ಕಾಗದಗಳನ್ನು ಹರಿದಿರಲಿಲ್ಲ, ಮುದುರಿರಲಿಲ್ಲ; ಅಂಚಿಗೆ ಅಂಚು ಕೂಡಿಸಿ, ಹಳೇ ಪೇಪರು ಹಾಕುವ ನೀಲಿ ಡಬ್ಬದಲ್ಲಿ ಇಟ್ಟಿದ್ದಳು. ನಾನು ನೋಡಿದೆ. ಬಟ್ಟೆ ಇಟ್ಟೆ. ಬಾಗಿಲು ಎಳೆದುಕೊಂಡು ಬಂದೆ. ಅವನ್ನು ಎತ್ತಿಡಬೇಕು ಅಂತ ನನಗೆ ತೋಚಲೂ ಇಲ್ಲ. ಮಂಗಳವಾರ ಗಾಡಿ ಬಂದು ಒಯ್ದಿತು.

ಇದೆಲ್ಲವನ್ನೂ ನನಗೆ ಗೊತ್ತಿದ್ದವರಿಗೆಲ್ಲ ಫೋನಿನಲ್ಲಿ ಹೇಳಿ ಮುಗಿಸಿದ್ದೇನೆ. ಮೈಸೂರಿನ ನನ್ನ ತಮ್ಮನಿಗೆ ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಅವನು, ‘ಅಣ್ಣ, ಕುಕ್ಕರ್ ಕೂಗ್ತಾ ಇದೆ’ ಅಂತ ಇಟ್ಟುಬಿಟ್ಟ. ಹೇಳಲು ಇನ್ನು ಯಾರೂ ಉಳಿದಿಲ್ಲ, ಹೊಟ್ಟೆಯೊಳಗಿನ ಸಂತೋಷ ಮಾತ್ರ ಖಾಲಿಯಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಷರ ಸೊಟ್ಟಗಿದೆ, ಇರಲಿ.

ಆ ಶನಿವಾರ ಬೆಳಿಗ್ಗೆ ನಾವೆಲ್ಲ ಮಾಂಟೆರೆಯ ಸಮುದ್ರಕ್ಕೆ ಹೋಗಿದ್ದೆವು. ಗಿಲ್‌ರಾಯ್‌ನ ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿ. ಮೊಮ್ಮಗಳಿಗೆ ಆಗ ಹನ್ನೆರಡು ತುಂಬಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನೊಳಗೆ ಇಳಿಯುವ ವಿದ್ಯೆಯನ್ನು ಅವಳ ಅಮ್ಮ, ಅಂದರೆ ನನ್ನ ಮಗಳು, ರೆಡ್‌ವುಡ್ ಸಿಟಿಯ ಆಫೀಸಿನ ಗೆಳತಿಯರ ಜೊತೆ ಮೊದಲೇ ಕಲಿತಿದ್ದಳು. ಮೊಮ್ಮಗಳೂ ಈಜುಕೊಳದಲ್ಲಿ ಆರು ವಾರ ಅಭ್ಯಾಸ ಮಾಡಿದ್ದಳು. ಅವತ್ತು ಮೊದಲ ಸಲ ನಿಜವಾದ ಸಮುದ್ರ. ಕೈಯಿಟ್ಟರೆ ಮೂಳೆ ನೋಯುವಷ್ಟು ತಣ್ಣೀರು. ದಪ್ಪ ರಬ್ಬರಿನ ಅಂಗಿ, ತಲೆಗೆ ರಬ್ಬರಿನ ಕುಲಾವಿ ಹಾಕಿಕೊಂಡು ಅಮ್ಮನ ಜೊತೆ, ಕಲಿಸುವವರ ಜೊತೆ ಇಳಿದಳು.

ಹತ್ತು ನಿಮಿಷಕ್ಕೆ ಮೇಲೆ ಬಂದರು. ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ಸಲಕರಣೆಗೆ ರೆಗ್ಯುಲೇಟರು ಅನ್ನುತ್ತಾರೆ. ಎರಡಾಳು ಆಳದಲ್ಲಿ ಅದರಿಂದ ಗಾಳಿ ತಾನಾಗಿ ಭರ್ರೋ ಅಂತ ನುಗ್ಗತೊಡಗಿತಂತೆ. ಮುಖದ ಸುತ್ತ ಬರೀ ಗುಳ್ಳೆ, ಕಿವಿಯಲ್ಲಿ ಬರೀ ಸದ್ದು. ತಣ್ಣೀರಿನಲ್ಲಿ ಒಮ್ಮೊಮ್ಮೆ ಹಾಗಾಗುತ್ತದಂತೆ. ಕಲಿಸುವವರು ತಕ್ಷಣ ಮೇಲೆ ತಂದರು, ಏನೂ ಅಪಾಯವಾಗಲಿಲ್ಲ. ಆದರೆ ಮರಳಿನ ಮೇಲೆ ನಿಂತ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು. ‘ಐ ಆಮ್ ಡನ್’ ಅಂದಳು. ಇಷ್ಟೇ. ಕಾರಿನಲ್ಲಿ ಅವಳಜ್ಜಿ ಚಕ್ಕುಲಿ ಡಬ್ಬ ಚಾಚಿದರೂ ತಿರುಗಿ ನೋಡಲಿಲ್ಲ. ಮನೆಗೆ ಬಂದವಳೇ ಗೋಡೆಯ ಮೀನುಗಳನ್ನು ಬಿಚ್ಚಿದಳು.

ತಾತನಾದವನಿಗೆ ಕರುಳು ಚುರುಕ್ ಅನ್ನಬೇಕಿತ್ತು. ಅನ್ನಲಿಲ್ಲ. ಸುಳ್ಳು ಯಾಕೆ ಬರೆಯಲಿ?

ಮೈಸೂರಿನಲ್ಲಿ ನನಗೆ ಪಂಕ್ಚರ್ ಅಂಗಡಿ ಇತ್ತು. ಮೂವತ್ತೆಂಟು ವರ್ಷ. ಸೈಕಲ್ಲಿನಿಂದ ಶುರುವಾಗಿ ಸ್ಕೂಟರು, ಆಟೋ, ಕಾರು. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಮಗಳು ನಮ್ಮಿಬ್ಬರನ್ನೂ ಇಲ್ಲಿಗೆ ಕರೆದುಕೊಂಡಳು. ಇಲ್ಲಿ ಕೈಗೆ ಕೆಲಸವಿಲ್ಲ. ಏನಾದರೂ ಕೆಟ್ಟರೆ ಹೊಸದು ಬಾಗಿಲಿಗೆ ಬರುತ್ತದೆ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮತ್ತು ಅಂಗಾಲು ಮರಗಟ್ಟಿವೆ. ಕ್ಲಿನಿಕ್ಕಿನಲ್ಲಿ ಕಣ್ಣು ಮುಚ್ಚಿಸಿ ಅಂಗಾಲಿಗೆ ನೈಲಾನ್ ದಾರ ಚುಚ್ಚಿ ‘ಗೊತ್ತಾಯ್ತಾ?’ ಅಂತ ಕೇಳುತ್ತಾರೆ. ಚುಚ್ಚಿದ್ದೇ ನನಗೆ ಗೊತ್ತಾಗಿರುವುದಿಲ್ಲ. ಇಲ್ಲಿಗೆ ಬಂದ ಒಂದೂವರೆ ವರ್ಷದಲ್ಲಿ ಮನಸ್ಸೂ ಹಾಗೇ ಆಗಿಹೋಗಿತ್ತು. ಊಟ ಕರೆದರೆ ಹೋಗುತ್ತಿದ್ದೆ, ವಾಕಿಂಗು ಅಂದರೆ ನಡೆಯುತ್ತಿದ್ದೆ. ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು; ಗಾಳಿಯಲ್ಲಿ ಅದರ ವಾಸನೆ ಬಂದಾಗಲೆಲ್ಲ ನನ್ನ ಹೆಂಡತಿ, ‘ಇದ್ಯಾರ ಮನೇನಪ್ಪಾ, ಬೆಳಗಿಂದ ಒಗ್ಗರಣೆ ಹಾಕ್ತಾನೇ ಇದಾರೆ, ಸಾರಿಗೆ ಮಾತ್ರ ಹಾಕ್ತಿಲ್ಲ’ ಅನ್ನುವಳು. ಮೊದಲು ನಗುತ್ತಿದ್ದೆ. ಆಮೇಲೆ ಅದೂ ನಿಂತಿತು.

ಒಂದು ದ್ವೀಪಕ್ಕೆ ಹೋಗುವುದು ಮಾಂಟೆರೆಗಿಂತ ಮೊದಲೇ ನಿಶ್ಚಯವಾಗಿತ್ತು. ಪೆಸಿಫಿಕ್ ಸಾಗರದ ನಡುವೆ, ಡೈವಿಂಗ್ ಮಾಡುವವರಿಗೆಂದೇ ಇರುವ ಒಂದು ರೆಸಾರ್ಟು. ಮೊಮ್ಮಗಳ ಆಸೆಗೆ ಮಗಳು ಬುಕ್ ಮಾಡಿದ್ದಳು.

‘ನಾನು ಬೇಕಾದ್ರೆ ಬರ್ತೀನಿ, ಬಟ್ ಐ ಆಮ್ ನಾಟ್ ಗೋಯಿಂಗ್ ಡೌನ್’ ಅಂದಳು ಹುಡುಗಿ.

‘ಯಾರೂ ಇಳಿ ಅಂತ ಹೇಳಲ್ಲ ಪುಟ್ಟಿ’ ಅಂದಳು ಮಗಳು. ಆಮೇಲೆ ಅಡುಗೆಮನೆಗೆ ಬಂದು ಸಿಂಕಿನ ಕಡೆ ಮುಖ ಮಾಡಿಕೊಂಡು ನನಗೆ ಹೇಳಿದಳು: ‘ಅಪ್ಪ, ಇದೊಂದು ಸಲ ಇಳೀಲಿಲ್ಲ ಅಂದ್ರೆ ಅವಳು ಇನ್ಯಾವತ್ತೂ ಇಳಿಯಲ್ಲ. ನಂಗೊತ್ತು, ಅವಳು ನನ್ ಥರಾನೇ. ಆರು ವರ್ಷದಿಂದ ಮನೇಲಿ ಬೇರೆ ಮಾತೇ ಇರಲಿಲ್ಲ. ಈಗ ಟೀವಿಲಿ ಸಮುದ್ರ ಬಂದ್ರೆ ಎದ್ದು ಹೋಗ್ತಾಳೆ.’

ನಾನು ಹೂಂ ಅಂದೆ.

ಅಳಿಯನಿಗೆ ಆಸ್ಪತ್ರೆ ಡ್ಯೂಟಿ ಇತ್ತು. ನಾವು ನಾಲ್ಕೇ ಜನ ಹೊರಟೆವು. ಸ್ಯಾನ್ ಫ್ರಾನ್ಸಿಸ್ಕೋದಿಂದ ದೊಡ್ಡ ವಿಮಾನ, ಅಲ್ಲಿಂದ ಚಿಕ್ಕದು, ಅಲ್ಲಿಂದ ನಮ್ಮ ಮಿನಿ ಬಸ್ಸಿನಷ್ಟೇ ಇದ್ದ ಇನ್ನೊಂದು, ಕೊನೆಗೆ ಮೂರು ಗಂಟೆ ದೋಣಿ. ಚಿಕ್ಕ ವಿಮಾನ ವಾರಕ್ಕೆ ಎರಡೇ ಸಲ. ನನ್ನ ಹೆಂಡತಿ ಅವಲಕ್ಕಿ, ಚಟ್ನಿಪುಡಿ, ಹುಣಿಸೆ ಗೊಜ್ಜು, ಎರಡು ಥರದ ಉಪ್ಪಿನಕಾಯಿ ಹೊತ್ತು ತಂದಿದ್ದಳು. ದ್ವೀಪದಲ್ಲಿ ಇಳಿದು ನಾಲ್ಕೂ ಕಡೆ ನೋಡಿ, ‘ಏನ್ರೀ ಇದು, ಇಷ್ಟು ದೂರ ಬಂದು ನೋಡೋಕೆ ಬರೀ ನೀರಾ?’ ಅಂದಳು.

ಹನ್ನೆರಡು ಮರದ ಗುಡಿಸಲು, ಊಟದ ಚಪ್ಪರ, ನೀರಿಗೆ ಚಾಚಿಕೊಂಡ ಒಂದು ಮರದ ಕಟ್ಟೆ. ಅದರ ಪಕ್ಕ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರಿನ ಶೆಡ್ಡು. ಶೆಡ್ಡಿನ ಮುಂದೆ ಎರಡು ಸಿಮೆಂಟ್ ತೊಟ್ಟಿ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಮಿಕ್ಕ ಸಾಮಾನು ತೊಳೆಯುವುದು. ಸಮುದ್ರದ ಉಪ್ಪು ಹೋಗಬೇಕಲ್ಲ. ಡೈವಿಂಗ್ ಕಲಿಸುವವನು ಆ ದ್ವೀಪದವನೇ, ಐವತ್ತರ ಆಸುಪಾಸು, ಅಗಲ ಭುಜ, ಮಾತು ಕಡಿಮೆ. ಕಂಪ್ರೆಸರು ನೋಡಿಕೊಳ್ಳುವವನೂ ಅವನೇ, ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುವವನೂ ಅವನೇ. ನನಗೆ ಅವನ ಭಾಷೆ ಬರದು, ಅವನಿಗೆ ನನ್ನದು ಬರದು. ಕಂಪ್ರೆಸರಿನ ಹತ್ತಿರ ನಾನು ನಿಂತಿದ್ದನ್ನು ನೋಡಿ ಮೊದಲ ದಿನ ತಲೆಯಾಡಿಸಿದ. ಎರಡನೇ ದಿನ ಕೂರಲು ಒಂದು ಖಾಲಿ ಪೆಟ್ಟಿಗೆ ಇಟ್ಟಿದ್ದ.

ಮಗಳು ದಿನಾ ಬೇರೆಯವರ ಜೊತೆ ದೋಣಿಯಲ್ಲಿ ಹೋಗಿ ಇಳಿದು ಬರುತ್ತಿದ್ದಳು. ಮೊಮ್ಮಗಳು ಮೂರು ದಿನ ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಳು. ಕಾಲ ಕೆಳಗೇ ಬಣ್ಣಬಣ್ಣದ ಮೀನು ಓಡಾಡುತ್ತಿದ್ದವು, ಗಾಜಿನಷ್ಟು ತಿಳಿ ನೀರು, ಮಾಂಟೆರೆಯ ಹಾಗಲ್ಲ, ಸ್ನಾನದ ನೀರಿನಷ್ಟು ಬೆಚ್ಚಗೆ. ಅವಳು ಫೋನು ನೋಡುತ್ತಿದ್ದಳು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಹಳೇ ಫೋಟೋಗಳನ್ನೇ ಮೇಲೆ ಕೆಳಗೆ ಮಾಡುತ್ತಿದ್ದಳು. ಕಲಿಸುವವನು ದಿನಕ್ಕೊಮ್ಮೆ ಬಂದು ಅವಳ ಪಕ್ಕ ಸ್ವಲ್ಪ ಕೂತು ಎದ್ದು ಹೋಗುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಎದೆಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದ. ಹುಡುಗಿ ಇಳಿದಳು. ರೆಗ್ಯುಲೇಟರು ಬಾಯಿಗಿಟ್ಟುಕೊಂಡು ಮುಖ ಮುಳುಗಿಸಿದಳು, ಎತ್ತಿದಳು, ಮುಳುಗಿಸಿದಳು. ಅರ್ಧ ಗಂಟೆ ಅಷ್ಟೇ ಮಾಡಿದಳು. ಮಗಳು ದಡದಲ್ಲಿ ನಿಂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಉಳಿದದ್ದು ಮಾರನೆಯ ದಿನ ಒಂದೇ. ವಿಮಾನ ಹತ್ತುವ ಹಿಂದಿನ ದಿನ ನೀರಿಗಿಳಿಯಬಾರದು ಅಂತ ನಿಯಮ, ಮೈಯೊಳಗೆ ಸೇರಿದ ಗಾಳಿ ತೊಂದರೆ ಕೊಡುತ್ತದಂತೆ. ಅಂದರೆ ನಾಳೆ ಇಳಿದರೆ ಇಳಿದಳು, ಇಲ್ಲದಿದ್ದರೆ ಇಲ್ಲ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಹುಡುಗಿ ನನ್ನ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಬಂದು ಕೂತಳು.

‘ತಾತ, ನಿಮ್ ಶಾಪಲ್ಲಿ, ಏರ್ ಲೀಕ್ ಇದೆ ಅಂತ ಹೌ ಡಿಡ್ ಯು ನೋ?’

‘ನೀರಲ್ಲಿ ಅದ್ದಿದ್ರೆ ಗುಳ್ಳೆ ಬರುತ್ತೆ ಪುಟ್ಟಿ.’

‘ಗುಳ್ಳೆ ಬರ್ಲಿಲ್ಲ ಅಂದ್ರೆ?’

‘ಬರ್ಲಿಲ್ಲ ಅಂದ್ರೆ ತೂತಿಲ್ಲ ಅಂತ. ಕಣ್ಮುಚ್ಕೊಂಡು ಗಾಡಿ ಓಡಿಸಬಹುದು.’

‘ಎವ್ರಿ ಟೈಮ್?’

‘ಪ್ರತೀ ಸಲ.’

ಅವಳು ‘ಓಕೆ’ ಅಂತ ಎದ್ದು ಹೋದಳು.

ಒಂದೂವರೆ ವರ್ಷದಲ್ಲಿ ನನಗೆ ಗೊತ್ತಿರುವ ಸಂಗತಿಯ ಬಗ್ಗೆ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ಎಲ್ಲರೂ ಮಲಗಿದ್ದರು. ನಾನು ಮೊಮ್ಮಗಳ ರೆಗ್ಯುಲೇಟರನ್ನು ಗೂಟದಿಂದ ಇಳಿಸಿಕೊಂಡೆ. ಅವಳ ಚಿಕ್ಕ ಬಾಯಿಗೆ ಹೊಂದುವಂಥದ್ದನ್ನು ಮಗಳು ಮನೆಯಿಂದಲೇ ತಂದಿದ್ದಳು. ಒಂದು ತುದಿಯಲ್ಲಿ ಸಿಲಿಂಡರಿಗೆ ಕೂರಿಸುವ ಹಿತ್ತಾಳೆಯ ಗುಂಡು, ಅದರ ಬಾಯಿಗೊಂದು ರಬ್ಬರ್ ಮುಚ್ಚಳ, ಇನ್ನೊಂದು ತುದಿಯಲ್ಲಿ ಬಾಯಿಗೆ ಕಚ್ಚಿಕೊಳ್ಳುವ ಭಾಗ, ನಡುವೆ ಕೊಳವೆ. ಮುಚ್ಚಳ ಹಾಕಿಕೊಂಡು ಯಾರಾದರೂ ತೂತು ಹುಡುಕುತ್ತಾರೆಯೇ ಅಂತ ಮುಚ್ಚಳ ತೆಗೆದೆ. ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿದೆ. ಟ್ಯೂಬನ್ನು ತಿರುಗಿಸುವ ಹಾಗೆ ಮೆಲ್ಲಗೆ ತಿರುಗಿಸಿದೆ.

ಬಂತು ಗುಳ್ಳೆ. ಒಂದಲ್ಲ, ಸಾಲಾಗಿ. ಹಿತ್ತಾಳೆ ಗುಂಡಿನ ಬಾಯಿಂದ.

ಕಂಡುಹಿಡಿದೆ ಅಂದುಕೊಂಡೆ. ಮಾಂಟೆರೆಯಲ್ಲಿ ಕೈಕೊಟ್ಟಿದ್ದು ಇದೇ, ಇಷ್ಟು ಜನ ಓದಿದವರಿಗೆ ಗೊತ್ತಾಗದ್ದು ನನ್ನ ಕೈಗೆ ಸಿಕ್ಕಿತು ಅಂತ. ಒದ್ದೆ ರೆಗ್ಯುಲೇಟರು ಹಿಡಿದುಕೊಂಡು ಕಲಿಸುವವನ ಹತ್ತಿರ ಹೋಗಿ, ತೊಟ್ಟಿ ತೋರಿಸಿ, ಬೆರಳಲ್ಲಿ ಗುಳ್ಳೆ ಮೇಲೆ ಬರುವ ಹಾಗೆ ಮಾಡಿ ತೋರಿಸಿದೆ. ಅವನು ಹಿತ್ತಾಳೆ ಗುಂಡನ್ನು ಬಗ್ಗಿಸಿದ. ಒಳಗಿನಿಂದ ನೀರು ತೊಟ್ಟಿಕ್ಕಿತು. ಅವನು ನನ್ನನ್ನು ಬೈಯಲಿಲ್ಲ. ಕಣ್ಣು ಮುಚ್ಚಿ ತೆರೆದ, ಅಷ್ಟೇ.

ಬೈದದ್ದು ಮಗಳು.

‘ಅಪ್ಪ, ಅದು ಸೈಕಲ್ ಟ್ಯೂಬಲ್ಲ. ಅದರೊಳಗೆ ಒಂದು ಹನಿ ನೀರೂ ಹೋಗಬಾರದು. ಅದಕ್ಕೇ ಆ ಕ್ಯಾಪ್ ಇರೋದು. ಯಾಕ್ ಮುಟ್ಟೋಕೆ ಹೋದ್ರಿ? ನಾಳೆ ಒಂದು ದಿನ ಇದ್ದಿದ್ದು, ಒಂದೇ ದಿನ.’

‘ಗುಳ್ಳೆ ಬಂತಲ್ಲಮ್ಮ.’

‘ನೀರು ಒಳಗೆ ಹೋಗಿ ಇದ್ದ ಗಾಳಿ ಹೊರಗೆ ಬಂತು. ಚೊಂಬು ಮುಳುಗಿಸಿದ್ರೂ ಬರುತ್ತೆ.’

‘ಮಿಕ್ಸಿ ಬಿಚ್ಚಿದಾಗಲೇ ಹೇಳಿದ್ದೆ’ ಅಂದಳು ನನ್ನ ಹೆಂಡತಿ. ‘ಅದರಲ್ಲಾದ್ರೂ ಹೋಗಿದ್ದು ಬರೀ ಚಟ್ನಿ.’

ರೆಸಾರ್ಟಿನಲ್ಲಿ ಬೇರೆ ರೆಗ್ಯುಲೇಟರುಗಳಿದ್ದವು. ಕಲಿಸುವವನು ಎರಡು ತಂದು ತೋರಿಸಿದ. ಹುಡುಗಿ ಬೇಡ ಅಂತ ತಲೆಯಾಡಿಸಿದಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡು, ‘ಇಟ್ಸ್ ಓಕೆ ತಾತ. ನಾಳೆ ನಾನು ಬೋಟಲ್ಲಿ ಅಜ್ಜಿ ಜೊತೆ ಕೂತ್ಕೋತೀನಿ’ ಅಂದಳು.

ಅವಳ ಮುಖ ನೋಡಿದೆ. ನಿರಾಳವಾಗಿತ್ತು. ಪರೀಕ್ಷೆ ಮುಂದಕ್ಕೆ ಹೋದ ಮಕ್ಕಳ ಮುಖ ಇರುತ್ತದಲ್ಲ, ಹಾಗೆ. ಇನ್ನು ಅವಳು ಇಳಿಯಬೇಕಿಲ್ಲ, ಯಾರೂ ಅವಳನ್ನು ಹೆದರುಪುಕ್ಕಿ ಅನ್ನುವಂತಿಲ್ಲ. ನೆಪ ನಾನು ಕೊಟ್ಟಿದ್ದೆ. ಮಗಳು ಬೈದದ್ದು ನನಗೆ ತಾಗಿರಲಿಲ್ಲ. ಅದು ಎಲ್ಲೋ ದೂರದಲ್ಲಿ ಯಾರಿಗೋ ಬೈದ ಹಾಗಿತ್ತು. ಮಗುವಿನ ನಿರಾಳವೂ ಆ ಹೊತ್ತಿಗೆ ತಾಗಲಿಲ್ಲ. ಗುಡಿಸಲಿಗೆ ಹೋಗಿ ಮಂಚದ ಅಂಚಿನಲ್ಲಿ ಕೂತೆ. ಚಪ್ಪಲಿ ಬಿಟ್ಟಿದ್ದೇನೋ ಹಾಕಿದ್ದೇನೋ ತಿಳಿಯದೆ ಬಗ್ಗಿ ನೋಡಬೇಕಾಯಿತು.

ಐದು ಗಂಟೆಗೆ ಬಾಗಿಲಲ್ಲಿ ನೆರಳು ಬಿತ್ತು. ಕಲಿಸುವವನು. ಕೈ ಸನ್ನೆ ಮಾಡಿ ಕರೆದ.

ಶೆಡ್ಡಿನ ಮೇಜಿನ ಮೇಲೆ ಬಿಳಿ ಟವೆಲ್ಲು ಹಾಸಿ ಮೊಮ್ಮಗಳ ರೆಗ್ಯುಲೇಟರು ಇಟ್ಟಿದ್ದ. ನನಗೊಂದು ಪೆಟ್ಟಿಗೆ, ಅವನಿಗೊಂದು ಪೆಟ್ಟಿಗೆ. ಹಿತ್ತಾಳೆ ಗುಂಡನ್ನು ಸ್ಪ್ಯಾನರು ಹಾಕಿ ಬಿಚ್ಚಿದ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟ. ನಾನೂ ಅಂಗಡಿಯಲ್ಲಿ ಹಾಗೇ ಇಡುತ್ತಿದ್ದೆ. ಒಂದೊಂದನ್ನೂ ಒರೆಸಿ ಗಾಳಿ ಊದಿ ಒಣಗಿಸಿದ. ಹಳೇ ರಬ್ಬರ್ ಬಳೆಗಳನ್ನು ತೆಗೆದು, ಹೊಸವನ್ನು ಒಂದು ತಟ್ಟೆಯಲ್ಲಿ ಹಾಕಿ ನನ್ನ ಮುಂದೆ ತಳ್ಳಿದ. ನೀನು ಹಾಕು ಅಂತ. ಒಳಗಿನ ಗಾಳಿ ಹೊರಗೆ ಸೋರದಂತೆ ತಡೆಯುವ ಬಳೆಗಳು, ನಮ್ಮ ಕಡ್ಲೆಕಾಳಿನಷ್ಟು ಚಿಕ್ಕವು.

ನನ್ನ ಬೆರಳಿಗೆ ಅವು ಸಿಕ್ಕಲೇ ಇಲ್ಲ. ಹಿಡಿದಿದ್ದೇನೆ ಅಂದುಕೊಳ್ಳುತ್ತಿದ್ದೆ, ನೋಡಿದರೆ ಬೆರಳು ಖಾಲಿ. ಎರಡು ಸಲ ನೆಲಕ್ಕೆ ಬಿತ್ತು. ಅವನು ಎತ್ತಿ ಒರೆಸಿ ಮತ್ತೆ ತಟ್ಟೆಗೆ ಹಾಕಿದ, ಕಾದ.

‘ತಾತ, ಅಜ್ಜಿ ಅವಲಕ್ಕಿ ಕಲ್ಸಿದಾರೆ, ಬರ್ಬೇಕಂತೆ.’ ಬಾಗಿಲಲ್ಲಿ ಹುಡುಗಿ. ಆಮೇಲೆ ಮೇಜು ನೋಡಿದಳು. ‘ವಾಟ್ ಈಸ್ ದಟ್? ಈಸ್ ದಟ್ ಮೈನ್?’

‘ನಿಂದೇ. ಈ ಬಳೆ ಹಿಡಿಯೋಕೆ ನನ್ ಕೈಲಿ ಆಗ್ತಿಲ್ಲ ಪುಟ್ಟಿ, ಬೆರಳಿಗೆ ಗೊತ್ತಾಗಲ್ಲ. ಸ್ವಲ್ಪ ಎತ್ಕೊಡು.’

ಅವಳು ಎತ್ತಿದಳು. ಅವನು ಎಲ್ಲಿಗೆ ಅಂತ ಬೆರಳು ತೋರಿಸಿದ. ಗ್ರೀಸು ಸವರಿ ಸಣ್ಣ ಕಾಲುವೆಯಂಥ ಗೆರೆಯೊಳಗೆ ಉಗುರಿನಿಂದ ಒತ್ತಿ ಕೂರಿಸಿದಳು. ಇನ್ನೊಂದು. ಇನ್ನೊಂದು. ನಾನು ನನ್ನ ಪೆಟ್ಟಿಗೆ ಅವಳಿಗೆ ಬಿಟ್ಟುಕೊಟ್ಟು ಎದ್ದು ನಿಂತೆ.

‘ಇಷ್ಟೇನಾ ಇರೋದು?’ ಅಂದಳು, ನನಗೋ ಅವನಿಗೋ ಗೊತ್ತಿಲ್ಲ. ಒಂದು ಸ್ಪ್ರಿಂಗು, ಒಂದು ಕಡ್ಡಿ, ಒಂದು ರಬ್ಬರ್ ಹಾಳೆ, ಏಳೆಂಟು ಬಳೆ. ಅಷ್ಟೇ ಇದ್ದದ್ದು. ಆಮೇಲೆ ಅವಳು ಪ್ರಶ್ನೆ ಕೇಳಲು ಶುರುಮಾಡಿದಳು ನೋಡಿ, ಇಂಗ್ಲಿಷಿನಲ್ಲಿ, ಒಂದರ ಬೆನ್ನಿಗೆ ಒಂದು. ಮಾತು ಕಡಿಮೆಯವನು ಅಂದೆನಲ್ಲ, ಅವನೂ ಮಾತಾಡಿದ. ಸ್ಪ್ರಿಂಗು ಒತ್ತಿ ತೋರಿಸಿದ, ಬಿಟ್ಟು ತೋರಿಸಿದ. ಹುಡುಗಿ ಮಧ್ಯದಲ್ಲಿ ನನ್ನ ಕಡೆ ತಿರುಗಿ ಅರ್ಧ ಕನ್ನಡದಲ್ಲಿ ಹೇಳಿದಳು:

‘ತಾತ, ಅದು ಕೆಟ್ಟೋದ್ರೆ ಕ್ಲೋಸ್ ಆಗಲ್ವಂತೆ. ಓಪನ್ ಆಗೇ ಕೆಟ್ಟೋಗತ್ತೆ. ಅವತ್ತು ಕೋಲ್ಡ್‌ಗೆ ಹಾಗಾಗಿದ್ದು. ಏರ್ ಜಾಸ್ತಿ ಬಂತು, ನಿಂತಿರ್ಲಿಲ್ಲ. ನಾನು ನಿಂತೋಗತ್ತೆ ಅನ್ಕೊಂಡಿದ್ದೆ.’

‘ಮತ್ತೆ ಅವತ್ತೇ ಯಾರೂ ಹೇಳ್ಲಿಲ್ವಾ?’

‘ಹೇಳಿದ್ರು. ಬಟ್ ನಾನು ನೋಡಿರ್ಲಿಲ್ಲ.’

ಎಲ್ಲ ಜೋಡಿಸಿದ ಮೇಲೆ ಅವನು ರೆಗ್ಯುಲೇಟರನ್ನು ಒಂದು ಸಿಲಿಂಡರಿಗೆ ಕೂರಿಸಿ, ಗಾಳಿ ತಿರುಗಿಸಿ, ಸಿಲಿಂಡರಿನ ಸಮೇತ ತೊಟ್ಟಿಯಲ್ಲಿ ಇಳಿಸಿದ. ನಾನು ಮಾಡಿದ್ದನ್ನೇ ಅವನೂ ಮಾಡಿದ. ಆದರೆ ಒಳಗೆ ಗಾಳಿ ತುಂಬಿ ಮಾಡಿದ. ಗಾಳಿ ತುಂಬದ ಟ್ಯೂಬನ್ನು ಮೂವತ್ತೆಂಟು ವರ್ಷದಲ್ಲಿ ನಾನು ಒಂದು ಸಲವೂ ನೀರಿಗೆ ಅದ್ದಿದವನಲ್ಲ. ಯಾವ ಪಂಕ್ಚರ್ ಅಂಗಡಿಯವನೂ ಅದ್ದುವುದಿಲ್ಲ. ಮೊದಲು ಗಾಳಿ, ಆಮೇಲೆ ನೀರು. ಅವತ್ತು ಮಧ್ಯಾಹ್ನ ನಾನು ಸಮುದ್ರದ ವಿದ್ಯೆ ತಿಳಿಯದೆ ಕೆಡಿಸಲಿಲ್ಲ; ನನ್ನ ಸ್ವಂತ ಕೆಲಸವನ್ನೇ ಮರೆತು ಕೆಡಿಸಿದ್ದೆ. ಅದು ತೊಟ್ಟಿಯ ಅಂಚಿನಲ್ಲಿ ನಿಂತಾಗ ಹೊಳೆಯಿತು. ಆಗ ಒಂದು ಚೂರು ಎದೆಯೊಳಗೆ ಹಿಂಡಿತು. ಬಹಳ ದಿನದ ಮೇಲೆ.

ಹುಡುಗಿ ತೊಟ್ಟಿಯ ಮೇಲೆ ಬಗ್ಗಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ, ನೋಡುತ್ತಿದ್ದಳು. ಒಂದು ಗುಳ್ಳೆಯೂ ಬರಲಿಲ್ಲ. ಅವನು ತೆಗೆಯಲು ಹೋದರೆ ‘ವೆಯ್ಟ್’ ಅಂದಳು. ಅಜ್ಜಿ ಎರಡನೇ ಸಲ ಕೂಗುವವರೆಗೂ ನೋಡಿದಳು.

ಮಾರನೆಯ ದಿನ ಬೆಳಿಗ್ಗೆ ದೋಣಿಯಲ್ಲಿ ನಾವಿಬ್ಬರು ಮುದುಕರೂ ಹೋದೆವು. ಮೊಮ್ಮಗಳು ಇಳಿಯುತ್ತೇನೆ ಅಂತಲೂ ಹೇಳಿರಲಿಲ್ಲ, ಇಲ್ಲ ಅಂತಲೂ ಹೇಳಿರಲಿಲ್ಲ. ತೆಳ್ಳನೆಯ ರಬ್ಬರ್ ಅಂಗಿ ಮಾತ್ರ ಹಾಕಿಕೊಂಡಿದ್ದಳು. ಮಗಳು ಏನೂ ಕೇಳಬಾರದು ಅಂತ ತುಟಿ ಕಚ್ಚಿಕೊಂಡು ಕೂತಿದ್ದಳು. ಹವಳದ ದಿಬ್ಬ ಇರುವ ಜಾಗಕ್ಕೆ ಬಂದು ದೋಣಿ ನಿಂತಿತು. ಉಳಿದವರೆಲ್ಲ ಹಿಮ್ಮುಖವಾಗಿ ದೊಪ್ಪದೊಪ್ಪನೆ ಬಿದ್ದರು. ಕಲಿಸುವವನು ನೀರಿನಲ್ಲಿ ಕಾಯುತ್ತಿದ್ದ. ಹುಡುಗಿ ಸಿಲಿಂಡರು ಕಟ್ಟಿಸಿಕೊಂಡು ಅಂಚಿನಲ್ಲಿ ಕೂತಳು. ಕೂತೇ ಇದ್ದಳು.

ನನಗೆ ಏನಾದರೂ ಹೇಳಬೇಕು ಅನ್ನಿಸಿ ಬಾಯಿ ತೆರೆದೆ. ಹೆಂಡತಿ ನನ್ನ ಪಂಚೆ ಜಗ್ಗಿ, ‘ಸುಮ್ನಿರಿ, ನೀವು ಮಾಡಿರೋದು ಸಾಕು’ ಅಂತ ಪಿಸುಗುಟ್ಟಿದಳು.

ಹುಡುಗಿಯೇ ತಿರುಗಿದಳು. ‘ತಾತ, ನೀವು ಚೆಕ್ ಮಾಡಿದ್ರಾ? ಸರಿ ಇದೆಯಾ?’

ಹೂಂ ಅನ್ನಬಹುದಿತ್ತು. ಮಕ್ಕಳಿಗೆ ಧೈರ್ಯ ಬರಲಿ ಅಂತ ಎಲ್ಲರೂ ಹಾಗೇ ಹೇಳುತ್ತಾರೆ.

‘ನಾನೆಲ್ಲಿ ಮಾಡಿದೆ ಪುಟ್ಟಿ. ಬಳೆ ಹಾಕಿದವಳು ನೀನು, ನೋಡಿದವಳು ನೀನು. ನನ್ನ ಕಣ್ಣು ಆಗ ತೊಟ್ಟಿ ಮೇಲೆ ಇರಲಿಲ್ಲ, ನಿನ್ನ ಮೇಲಿತ್ತು.’

ಅವಳು ಬೆರಳಿನಿಂದ ರೆಗ್ಯುಲೇಟರಿನ ಗುಂಡಿ ಒತ್ತಿದಳು, ಭುಸ್ ಅಂತು. ಇನ್ನೊಂದು ಸಲ ಒತ್ತಿದಳು. ಬಾಯಿಗಿಟ್ಟು ಕಚ್ಚಿದಳು. ಮಾಸ್ಕಿನ ಮೇಲೆ ಅಂಗೈ ಇಟ್ಟುಕೊಂಡಳು, ಬೆನ್ನು ಹಿಂದಕ್ಕೆ ಬಾಗಿತು, ಎರಡು ಕಾಲು ಆಕಾಶಕ್ಕೆ ಎದ್ದವು, ಅವಳು ನೀರಿನೊಳಗೆ. ಅವಳ ಹಿಂದೆಯೇ ನನ್ನ ಮಗಳು.

ಆಮೇಲೆ ದೋಣಿಯಲ್ಲಿ ನಾವಿಬ್ಬರು, ಮತ್ತೆ ಎಂಜಿನ್ನಿನ ಹತ್ತಿರ ದೋಣಿಯವನು. ಮೂವತ್ತೈದು ನಿಮಿಷ ಅಂದಿದ್ದರು. ಆ ಮೂವತ್ತೈದು ನಿಮಿಷ ನನಗೆ ಏನನ್ನಿಸಿತು ಅಂತ ತಮ್ಮ ಕೇಳಿದ. ಏನೂ ಅನ್ನಿಸಲಿಲ್ಲ ಅಂದರೆ ನಂಬಲಿಲ್ಲ. ನಿಜವಾಗಿ ಏನೂ ಇಲ್ಲ. ಬಿಸಿಲು ಇತ್ತು, ಬೆನ್ನು ಸುಡುತ್ತಿರಬೇಕು, ನನಗೆ ತಿಳಿಯಲಿಲ್ಲ. ಹೆಂಡತಿ ಸೆರಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

‘ಮೊನ್ನೆ ನೀರು ಬಿಟ್ರೆ ಏನಿಲ್ಲ ಅಂದೆ, ತಪ್ಪಾಯ್ತು ಅಂತ ಹೇಳ್ರೀ’ ಅಂದಳು.

‘ಯಾರಿಗೆ ಹೇಳಲಿ?’

‘ಸಮುದ್ರಕ್ಕೆ ಹೇಳಿ. ನನಗೆ ನಾಚಿಕೆ.’

ನಾನು ಹೇಳಿದೆ. ಬಾಯಿಬಿಟ್ಟು, ಕನ್ನಡದಲ್ಲಿ ಹೇಳಿದೆ. ದೋಣಿಯವನು ನನ್ನ ಕಡೆ ನೋಡಿ ಕೈ ಮುಗಿದ, ಏನೋ ಪ್ರಾರ್ಥನೆ ಅಂದುಕೊಂಡಿರಬೇಕು.

ಮೊದಲು ಮೇಲೆ ಬಂದದ್ದು ಕಲಿಸುವವನ ತಲೆ. ಆಮೇಲೆ ಪಕ್ಕದಲ್ಲೇ ಚಿಕ್ಕ ತಲೆ. ಏಣಿ ಹತ್ತಿ ಮಾಸ್ಕು ಎತ್ತಿದರೆ ಮೂಗಿನ ಕೆಳಗೆ ಒಂದು ಗೆರೆ ರಕ್ತ.

‘ಅಯ್ಯೋ ರಾಮ, ರಕ್ತ ಕಣ್ರೀ’ ಅಂತ ಹೆಂಡತಿ ಸೆರಗು ಹಿಡಿದುಕೊಂಡು ನುಗ್ಗಿದಳು.

‘ಇಟ್ಸ್ ನಥಿಂಗ್, ಅಜ್ಜಿ, ಮಾಸ್ಕ್ ಟೈಟಿತ್ತು, ಎಲ್ರಿಗೂ ಬರತ್ತೆ, ತಾತ, ತಾತ ಲಿಸನ್...’

ಅಲ್ಲಿಂದ ಅವಳು ಮಾತು ನಿಲ್ಲಿಸಲಿಲ್ಲ. ಪೂರ್ತಿ ಇಂಗ್ಲಿಷು, ಅದೂ ಎಕ್ಸ್‌ಪ್ರೆಸ್ ಬಸ್ಸಿನ ವೇಗದ ಇಂಗ್ಲಿಷು. ಹತ್ತರಲ್ಲಿ ಎರಡು ಮಾತು ನನಗೆ ತಿಳಿದಿದ್ದರೆ ಹೆಚ್ಚು. ಆಮೆ ಅಂತ ತಿಳಿಯಿತು, ಯಾಕೆಂದರೆ ಎರಡು ಕೈಯನ್ನೂ ರೆಕ್ಕೆ ಮಾಡಿ ದೋಣಿಯಲ್ಲೆಲ್ಲ ಈಜಿ ತೋರಿಸಿದಳು. ಆಮೆ ಇವಳ ಪಕ್ಕವೇ ಹುಲ್ಲು ಮೇಯುತ್ತಿತ್ತು, ಇವಳನ್ನು ‘ಯಾವಳಿವಳು’ ಅನ್ನುವ ಹಾಗೆ ನೋಡಿತು ಅಂತ ಕತ್ತು ತಿರುಗಿಸಿ ತೋರಿಸಿದಳು. ಕಲಿಸುವವನು ಏಣಿ ಹಿಡಿದು ನಗುತ್ತಿದ್ದ. ಹಿಂದೆಯೇ ಹತ್ತಿ ಬಂದ ನನ್ನ ಮಗಳು ಮಾಸ್ಕು ತೆಗೆಯಲೇ ಇಲ್ಲ. ಬಹಳ ಹೊತ್ತು ಗಾಜಿನ ಒಳಗೇ ಅಳುತ್ತಿದ್ದಳು, ಆಮೇಲೆ ನನ್ನ ಪಕ್ಕ ಬಂದು ಕೂತು ಒದ್ದೆ ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು.

‘ಬೈದಿದ್ದಕ್ಕೆ ಸಾರಿ ಅಪ್ಪ.’

‘ಬೈಯೋ ಕೆಲಸಾನೇ ಮಾಡಿದ್ನಲ್ಲಮ್ಮ.’

‘ಅದೂ ನಿಜ’ ಅಂದಳು.

ನನಗೆ ಏಳಲಾಗಲಿಲ್ಲ, ನಗಲಾಗಲಿಲ್ಲ. ಮೊಮ್ಮಗಳಿಗೆ ಶಹಬ್ಬಾಸ್ ಅಂತ ಬೆನ್ನು ತಟ್ಟಲೂ ಕೈ ಮೇಲೇಳಲಿಲ್ಲ. ಸಂತೋಷ ಅಷ್ಟು ಒಟ್ಟಿಗೆ ಬಂದರೆ ಮೈ ಹಾಗೇ ನಿಂತುಬಿಡುತ್ತದೆ ಅಂತ ಕಾಣುತ್ತದೆ. ಕಲ್ಲಿನ ಹಾಗೆ ಕೂತಿದ್ದೆ. ಪಂಚೆಯೆಲ್ಲ ಅವರಿಬ್ಬರಿಂದ ಒದ್ದೆಯಾಗಿತ್ತು. ಆ ಸಂತೋಷ ಉಕ್ಕಿ ಹೊರಗೆ ಬರಲು ಗಿಲ್‌ರಾಯ್‌ಗೆ ಬಂದು ತಲುಪುವಷ್ಟು ಹೊತ್ತು ಹಿಡಿಯಿತು, ಬಂದದ್ದು ಇನ್ನೂ ನಿಂತಿಲ್ಲ.

ಒಂದು ಸಲ ಇಳಿದು ಬಂದ ಮೇಲೆ ಮತ್ತೆ ಇಳಿಯುವ ಮುಂಚೆ ಒಂದು ಗಂಟೆ ದೋಣಿಯಲ್ಲೇ ಕೂತಿರಬೇಕು, ಅದೂ ನಿಯಮ. ಹೆಂಡತಿ ಡಬ್ಬ ಬಿಚ್ಚಿ ಎಲ್ಲರಿಗೂ ಗೊಜ್ಜವಲಕ್ಕಿ ಹಂಚಿದಳು. ಕಲಿಸುವವನು ಎರಡು ಸಲ ಹಾಕಿಸಿಕೊಂಡ. ಮ್ಯಾನೇಜರನಂತೆ ನಡುವೆ ನಿಂತುಕೊಂಡ ಹುಡುಗಿ ಮಾತ್ರ ತಿನ್ನಲಿಲ್ಲ. ತನ್ನ ರೆಗ್ಯುಲೇಟರನ್ನು ಹಳೇ ಸಿಲಿಂಡರಿನಿಂದ ಬಿಚ್ಚಿದಳು, ಮುಚ್ಚಳ ಒರೆಸಿ ನೋಡಿದಳು, ಹೊಸ ಸಿಲಿಂಡರಿಗೆ ತಾನೇ ಕೂರಿಸಿದಳು.

‘ಇನ್ನೆಷ್ಟು ನಿಮಿಷ?’ ಅಂತ ಕಲಿಸುವವನನ್ನು ಕನ್ನಡದಲ್ಲೇ ಕೇಳಿಬಿಟ್ಟಳು. ಅವನಿಗೆ ಅರ್ಥವಾಯಿತು. ಬಾಯಿ ತುಂಬ ಅವಲಕ್ಕಿ ಇದ್ದುದರಿಂದ ನಾಲ್ಕು ಬೆರಳು ತೋರಿಸಿದ, ನಲವತ್ತು ಅಂತ.

ಅವಳು ನಿಟ್ಟುಸಿರು ಬಿಟ್ಟು ನನ್ನ ಕಾಲ ಹತ್ತಿರ ಬಂದು ಕೂತಳು. ಎರಡು ನಿಮಿಷ ಕೂಡ ಆಗಿರಲಿಲ್ಲ, ಮತ್ತೆ ಎದ್ದು ನಿಂತಳು.